ಕಾಫಿ ಮಲೆಯಲ್ಲಿ ನೆರಳಿನ ಲೆಕ್ಕ

ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಒಂದು ಹದವಾದ ಮಳೆ ಬಿದ್ದರೆ ಸಾಕು. ಎಂಟು-ಹತ್ತು ದಿನಗಳಲ್ಲಿ ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ರಸ್ತೆಯ ಎರಡೂ ಬದಿ ಬೆಳ್ಳಗಾಗುತ್ತದೆ. ಮಲ್ಲಿಗೆ ಚೆಲ್ಲಿದಂತೆ ರೆಂಬೆ ರೆಂಬೆಗೂ ಕಾಫಿ ಹೂವು. ಬಸ್ಸಿನ ಕಿಟಕಿಯಿಂದ ಒಳಬರುವ ಆ ಘಮಕ್ಕೆ ತೂಕಡಿಸುತ್ತಿದ್ದವರೂ ಕಣ್ಣು ಬಿಡುತ್ತಾರೆ. ಬಯಲುಸೀಮೆಯಿಂದ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಗಾಡಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಆದರೆ ಬಂದವರೆಲ್ಲ ನೋಡುವುದು ಎದೆಯೆತ್ತರದ ಗಿಡಗಳನ್ನು. ಅದಕ್ಕಿಂತ ಮೇಲೆ, ಕತ್ತು ಹಿಂದಕ್ಕೆ ಬಾಗಿಸಿದರೆ ಮಾತ್ರ ಕಾಣುವ ಇನ್ನೊಂದು ತೋಟವಿದೆ. ಅತ್ತಿ, ಬಸರಿ, ಗೋಣಿ, ಹಲಸು, ಹೊನ್ನೆ, ನಂದಿ, ಮತ್ತಿ, ನೇರಳೆ, ಬೀಟೆ. ಅವುಗಳ ನಡುವೆ, ಕೆಲವು ಕಡೆ ಅವುಗಳನ್ನೆಲ್ಲ ಸರಿಸಿ, ಕಂಬ ನೆಟ್ಟಂತೆ ನೇರವಾಗಿ ನಿಂತ ಸಿಲ್ವರ್ ಓಕ್. ಗಾಳಿ ಬೀಸಿದಾಗ ಅದರ ಎಲೆಯ ಕೆಳಮೈ ಬೆಳ್ಳಿಯಂತೆ ಮಿನುಗುತ್ತದೆ. ಮೈತುಂಬ ಮೆಣಸಿನ ಬಳ್ಳಿ.

ಇದು ಕಾಡೇ? ಸರ್ಕಾರದ ದಾಖಲೆಯಲ್ಲಿ ಅಲ್ಲ, ತೋಟ. ಆದರೆ ಹಕ್ಕಿಗೆ, ಜೇನಿಗೆ, ಮಳೆನೀರಿಗೆ ಇದು ಹೆಚ್ಚು ಕಡಿಮೆ ಕಾಡೇ. ಈ ಕಾಡಿನ ಮಾಲೀಕರು ಅರಣ್ಯ ಇಲಾಖೆಯವರಲ್ಲ, ಸಾವಿರಾರು ಕುಟುಂಬಗಳು. ಭಾರತದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ತೋಟವಿರುವ ಸಣ್ಣ ಹಿಡುವಳಿದಾರರು. ಯಾವ ಮರ ಉಳಿಯಬೇಕು, ಯಾವುದು ಉರುಳಬೇಕು ಎಂಬುದು ಆ ಮನೆಗಳ ಜಗಲಿಯ ಮೇಲೆ ಕುಳಿತು ತೀರ್ಮಾನವಾಗುವ ಸಂಗತಿ. ಮರ ನೆಡಿ, ಉಳಿಸಿ ಎಂದು ಸರ್ಕಾರ ಕೊಡುವ ನೆರವು ಆ ಜಗಲಿಯ ತೀರ್ಮಾನವನ್ನು ಎಷ್ಟರಮಟ್ಟಿಗೆ ಬದಲಿಸುತ್ತದೆ? ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಸುತ್ತಾಡುವಾಗ ತಲೆಯೆತ್ತಿ ನೋಡಿದವರಿಗೆ ಏಳುವ ಪ್ರಶ್ನೆ ಇದು.

ಬೋರರ್ ಕಲಿಸಿದ ಪಾಠ

ಕಾಫಿಗೆ ಮರದ ನೆರಳು ಇರಲೇಬೇಕೆ? ಬ್ರೆಜಿಲ್‌ನಲ್ಲಿ ಬಹುಪಾಲು ಕಾಫಿ ಬಯಲಿನಲ್ಲೇ, ಬಿಸಿಲಿನಲ್ಲೇ ಬೆಳೆಯುತ್ತದೆ. ಹಾಗಿದ್ದರೆ ಇಲ್ಲೇಕೆ ನೆರಳು?

ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ದೊಡ್ಡ ಪ್ರಮಾಣದ ತೋಟಗಾರಿಕೆ ಶುರುವಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳು ಬಂದ ಮೇಲೆ. ಅವರಲ್ಲಿ ಹಲವರು ಮೊದಮೊದಲು ಕಾಡನ್ನು ಬೋಳಿಸಿ ಕಾಫಿ ನೆಟ್ಟರು. ಆಗ ಎರಗಿತು ಬಿಳಿ ಕಾಂಡಕೊರಕ, ತೋಟದವರ ಬಾಯಲ್ಲಿ ‘ಬೋರರ್’. ಬಿಸಿಲು ಬೀಳುವ ಅರೇಬಿಕಾ ಕಾಂಡದ ಮೇಲೆ ಮೊಟ್ಟೆಯಿಡಲು ಈ ದುಂಬಿಗೆ ಬಲು ಇಷ್ಟ. ಮರಿಹುಳು ಕಾಂಡದ ಒಳಗೆ ಸುರಂಗ ಕೊರೆದು ಗಿಡವನ್ನೇ ಒಣಗಿಸುತ್ತದೆ. 1860ರ ದಶಕದ ಬೋರರ್ ಹಾವಳಿಯಲ್ಲಿ ಮೈಸೂರು, ಕೊಡಗುಗಳ ಎಷ್ಟೋ ತೋಟಗಳು ನಾಶವಾದವು. ನೆರಳಿದ್ದ ತೋಟಗಳು ಬಚಾವಾದವು. ಮೈಸೂರು ಸೀಮೆಯಲ್ಲಿ ದಶಕಗಳ ಕಾಲ ಕಾಫಿ ಬೆಳೆದ ಆರ್.ಎಚ್. ಎಲಿಯಟ್ 1894ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ನೆರಳಿನ ಮರಗಳಿಗೇ ಒಂದು ಅಧ್ಯಾಯ ಮೀಸಲಿಟ್ಟದ್ದು ಸುಮ್ಮನೆ ಅಲ್ಲ.

ಅಂದರೆ ಈ ಬೆಟ್ಟಗಳಲ್ಲಿ ಮರಗಳನ್ನು ಮೊದಲು ಉಳಿಸಿದ್ದು ಕಾನೂನೂ ಅಲ್ಲ, ಸಹಾಯಧನವೂ ಅಲ್ಲ. ಉಳಿಸಿದ್ದು ಒಂದು ಹುಳು! ಮರ ಕಡಿದರೆ ಕಾಫಿ ಹೋಗುತ್ತದೆ ಎಂಬ ಸ್ವಂತ ಲಾಭನಷ್ಟದ ಅರಿವು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಇಂದು ಅದೇ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನೂರು ವರ್ಷ ತುಂಬಿದ ಈ ಸಂಸ್ಥೆ ಬೆಳೆಗಾರರಿಗೆ ಹೇಳಿಕೊಂಡು ಬಂದಿರುವುದು ಎರಡು ಅಂತಸ್ತಿನ ನೆರಳಿನ ಪಾಠ. ಕೆಳಗೆ ಬೇಗ ಬೆಳೆಯುವ ಹಾಲುವಾಣ, ಮೇಲೆ ಎತ್ತರಕ್ಕೆ ಹರಡುವ ಕಾಡುಮರ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ, ಅಂದರೆ ಕೊಂಬೆ ಸವರಿ, ಬೆಳಕು ಬಿಡಬೇಕು. ಇಲ್ಲವಾದರೆ ಸುರಿಯುವ ಮಳೆಯಲ್ಲಿ ಕೊಳೆರೋಗ. ನೆರಳು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಮರವೇ ಬ್ಯಾಂಕು

ಮೂಡಿಗೆರೆ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಪೂರ್ಣಚಂದ್ರ ತೇಜಸ್ವಿ. ಕಾಫಿ ಬೆಳೆಯುತ್ತ, ಹಕ್ಕಿಗಳ ಹಿಂದೆ ಅಲೆಯುತ್ತ, ‘ಕರ್ವಾಲೊ’ದಂಥ ಕೃತಿ ಬರೆದ ಅವರು 2007ರಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನ ಮೂಡಿಗೆರೆಯಿಂದ ಮುಂದೆ, ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿದೆ. ಘಾಟಿ ಇಳಿಯುವವರು ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ನೀರುದೋಸೆ ತಿನ್ನುವುದು ಹಳೆಯ ರೂಢಿ. ಹೋಟೆಲಿನ ಬೆಂಚಿನ ಮೇಲೆ ಕುಳಿತು ಕಿವಿಗೊಟ್ಟರೆ ಕೇಳಿಬರುವ ಮಾತು ಮೂರೇ: ಮಳೆ, ಕಾಫಿ ರೇಟು, ಆಳಿನ ಅಭಾವ. ನಾಲ್ಕನೆಯದಾಗಿ ಒಮ್ಮೊಮ್ಮೆ ಮರ.

ಓದುಗರು ಇಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬೇಕು. ಬಣಕಲ್ ಸುತ್ತಮುತ್ತ ಎಲ್ಲಾದರೂ ಇರಬಹುದಾದ ಹತ್ತು ಎಕರೆ ತೋಟದ ಮನೆ. ಮಗಳು ಪಿ.ಯು.ಸಿ. ಮುಗಿಸಿದ್ದಾಳೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಜೂನ್-ಜುಲೈನಲ್ಲಿ ಫೀಸು ಕಟ್ಟಬೇಕು. ಕಾಫಿ ಕೊಯ್ಲು ಶುರುವಾಗುವುದೇ ನವೆಂಬರ್-ಡಿಸೆಂಬರಿಗೆ. ಕಣದಲ್ಲಿ ಒಣಗಿ ಮಾರಾಟವಾಗಿ ಕೈಗೆ ಹಣ ಬರುವಾಗ ಯುಗಾದಿ ಬಂದಿರುತ್ತದೆ. ಆಗ ಅಪ್ಪನ ಕಣ್ಣು ಹೋಗುವುದು ಗದ್ದೆಬದಿಯ ಸಿಲ್ವರ್ ಸಾಲಿನ ಕಡೆಗೆ. ವ್ಯಾಪಾರಿಗೆ ಫೋನು ಮಾಡಿದರೆ ಬಂದು ನೋಡಿ, ಅಳತೆ ಹಿಡಿದು, ಮುಂಗಡ ಕೊಟ್ಟು ಹೋಗುತ್ತಾನೆ.

“ಅಪ್ಪ, ಆ ಮೂಲೇಲಿರೋ ಹೊನ್ನೆ ಮರ ಮಾರಿದ್ರೆ ಒಂದೇ ಮರಕ್ಕೆ ಅಷ್ಟು ದುಡ್ಡು ಬರಲ್ವಾ?” ಎಂದು ಮಗಳು ಕೇಳಬಹುದು.

“ಬರುತ್ತೆ ಮಗ. ಆದ್ರೆ ಅದಕ್ಕೆ ಅರ್ಜಿ ಹಾಕಿ, ಸರ್ವೆ ಮಾಡಿಸಿ, ಪರ್ಮಿಷನ್ ಬರೋ ಹೊತ್ತಿಗೆ ನಿನ್ನ ಮೊದಲನೇ ವರ್ಷ ಮುಗಿದಿರುತ್ತೆ.”

ಕಲ್ಪನೆಯ ಸಂಭಾಷಣೆ ಇದು. ಆದರೆ ಇದರ ಹಿಂದಿನ ಲೆಕ್ಕ ಮಾತ್ರ ಕಲ್ಪನೆಯದಲ್ಲ. ಮಲೆನಾಡಿನ ತೋಟದ ಮನೆಗಳಿಗೆ ಮರವೆಂದರೆ ಒಂದು ಬ್ಯಾಂಕು. ಮದುವೆಗೆ, ಆಸ್ಪತ್ರೆಗೆ, ಮಕ್ಕಳ ಓದಿಗೆ, ಕಾಫಿ ಬೆಲೆ ಕುಸಿದ ವರ್ಷ ಸಾಲದ ಬಡ್ಡಿಗೆ ಮುರಿಸುವ ಠೇವಣಿ. ಈ ಬ್ಯಾಂಕಿನಲ್ಲಿ ಎರಡು ಬಗೆಯ ಖಾತೆಗಳಿವೆ. ಒಂದರಿಂದ ಬೇಕಾದಾಗ ಹಣ ತೆಗೆಯಬಹುದು. ಇನ್ನೊಂದರಿಂದ ತೆಗೆಯಲು ಸರ್ಕಾರದ ಸಹಿ ಬೇಕು.

ಯಾರ ಮರ, ಯಾರ ಹಕ್ಕು?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯುವುದಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಪಹಣಿ, ನಕ್ಷೆ, ಜಮೀನಿನ ಮೂಲ, ಅದು ಹಿಡುವಳಿಯೋ ಮಂಜೂರಾತಿಯೋ, ಮಂಜೂರಾತಿಯಾಗಿದ್ದರೆ ಮರದ ಹಕ್ಕು ಸರ್ಕಾರ ಉಳಿಸಿಕೊಂಡಿದೆಯೋ ಎಂಬುದೆಲ್ಲ ತಾಳೆಯಾಗಬೇಕು. ಕಡಿದ ಮೇಲೆ ಸಾಗಣೆಗೆ ರಹದಾರಿ ಬೇಕು. ಕಡಿದುದಕ್ಕೆ ಬದಲು ಗಿಡ ನೆಡಬೇಕು. ಆದರೆ ಕಾಯ್ದೆಯಲ್ಲೇ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನೀಲಗಿರಿ, ಗಾಳಿಮರ, ಸುಬಾಬುಲ್, ರಬ್ಬರ್, ಹಾಲುವಾಣ ಮುಂತಾದವುಗಳ ಸಾಲಿನಲ್ಲಿ ಸಿಲ್ವರ್ ಓಕ್ ಕೂಡ ಸೇರಿದೆ.

ಮಲೆನಾಡಿನಲ್ಲಿ ಮರಗಳ್ಳತನ ಹೊಸದಲ್ಲ. ಈ ಕಾಯ್ದೆ ಇಲ್ಲದಿದ್ದರೆ ಬೀಟೆ, ಹೊನ್ನೆಗಳು ಎಂದೋ ಲಾರಿ ಹತ್ತಿಬಿಡುತ್ತಿದ್ದವು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. 2000ದ ನಂತರದ ಎರಡು ಮೂರು ವರ್ಷ ಜಗತ್ತಿನಾದ್ಯಂತ ಕಾಫಿ ಬೆಲೆ ನೆಲಕಚ್ಚಿದಾಗ ಬೆಳೆಗಾರರ ಮುಂದೆ ಮಾರಲು ಮರವಲ್ಲದೆ ಹೆಚ್ಚೇನೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಕಾನೂನು ಎಷ್ಟೋ ಹಳೆಯ ಮರಗಳಿಗೆ ಅಡ್ಡನಿಂತಿತು.

ಆದರೆ ಅದೇ ಕಾನೂನು ಇನ್ನೊಂದು ಕೆಲಸವನ್ನೂ ಮಾಡಿತು. ಬಿದ್ದುಹೋದ ಅತ್ತಿಯ ಜಾಗದಲ್ಲಿ ಹೊಸದೇನು ನೆಡಬೇಕು ಎಂದು ಯೋಚಿಸುವ ಬೆಳೆಗಾರನಿಗೆ ಉತ್ತರ ಸಿದ್ಧವಾಗಿಯೇ ಸಿಕ್ಕಿತು. ಆಸ್ಟ್ರೇಲಿಯಾದಿಂದ ಹತ್ತೊಂಬತ್ತನೇ ಶತಮಾನದಲ್ಲಿ ಬಂದ ಸಿಲ್ವರ್ ಬೇಗ ಬೆಳೆಯುತ್ತದೆ, ನೇರವಾಗಿರುವುದರಿಂದ ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮಾರಲು ಯಾರನ್ನೂ ಕೇಳಬೇಕಿಲ್ಲ. ಹೊನ್ನೆ ನೆಟ್ಟರೆ ಮೊಮ್ಮಗನ ಕಾಲಕ್ಕೆ ಮರವಾದೀತು, ಆಗಲೂ ಅರ್ಜಿ ಹಿಡಿದು ಓಡಾಡಬೇಕು. ತೋಟದಲ್ಲಿ ತಾನಾಗಿ ಹುಟ್ಟಿದ ಕಾಡುಮರದ ಸಸಿ ಕಳೆಯೊಂದಿಗೆ ಕತ್ತಿಗೆ ಸಿಗುವುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿದೆ. ಕಾಡುಮರ ಉಳಿಸಲೆಂದು ಮಾಡಿದ ಕಾನೂನು, ಇದ್ದ ಮರವನ್ನು ಕಾಯಿತು. ಹುಟ್ಟಬೇಕಾಗಿದ್ದ ಮರವನ್ನು ದೂರ ಮಾಡಿತು.

ಇಂಥದೇ ಪಾಠ ಶ್ರೀಗಂಧದ ವಿಷಯದಲ್ಲೂ ಆಗಿತ್ತು. ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ, ‘ರಾಜವೃಕ್ಷ’ ಎನಿಸಿಕೊಂಡ ಗಂಧ ಯಾರ ಹಿತ್ತಿಲಲ್ಲಿ ಹುಟ್ಟಿದರೂ ಸರ್ಕಾರದ ಸ್ವತ್ತು. ಗಂಧದ ಗಿಡ ಬೆಳೆದರೆ ರೈತನಿಗೆ ಸಿಗುತ್ತಿದ್ದುದು ಲಾಭಕ್ಕಿಂತ ಹೆಚ್ಚಾಗಿ ಕಳ್ಳರ ಭಯ ಮತ್ತು ಪೊಲೀಸರ ವಿಚಾರಣೆ. ಹಾಗಾಗಿ ಗಂಧದ ಸಸಿ ಕಂಡರೆ ಕಿತ್ತೆಸೆಯುವುದೇ ಜಾಣತನವೆಂಬ ಸ್ಥಿತಿ ಬಂತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಗಂಧದ ಮರ ಜಮೀನಿನ ಒಡೆಯನದೇ ಎಂದಾಯಿತು. ಅಲ್ಲಿಂದೀಚೆಗೆ ರೈತರು ತಾವೇ ಕೇಳಿಕೊಂಡು ಗಂಧ ನೆಡತೊಡಗಿದರು.

ಗಿಡಕ್ಕೆ 125 ರೂಪಾಯಿ

ಹಾಗಾದರೆ ಸರ್ಕಾರ ನೇರವಾಗಿ ಕೈಗೆ ಹಣ ಕೊಟ್ಟರೆ? ಅದಕ್ಕೂ ಒಂದು ಯೋಜನೆ ಇದೆ. 2011-12ರಲ್ಲಿ ಅರಣ್ಯ ಇಲಾಖೆ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ಹೆಸರು ನೋಂದಾಯಿಸಿ, ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಂದು ತನ್ನ ಜಮೀನಿನಲ್ಲಿ ನೆಡಬೇಕು. ವರ್ಷದ ಕೊನೆಗೆ ಬದುಕಿ ಉಳಿದ ಗಿಡಗಳನ್ನು ಎಣಿಸಿ ಪ್ರೋತ್ಸಾಹಧನ ಕೊಡುತ್ತಾರೆ. ಆರಂಭದಲ್ಲಿ ಮೂರು ವರ್ಷಕ್ಕೆ ಗಿಡವೊಂದಕ್ಕೆ ಒಟ್ಟು 45 ರೂಪಾಯಿ ಇದ್ದದ್ದು ಮುಂದೆ 100 ಆಗಿ, ಅನಂತರ 125ಕ್ಕೆ ಏರಿತು. ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50.

ನೆಟ್ಟಿದ್ದಕ್ಕಲ್ಲ, ಬದುಕಿಸಿದ್ದಕ್ಕೆ ಹಣ ಎಂಬುದು ಈ ಯೋಜನೆಯ ಜಾಣತನ. ವನಮಹೋತ್ಸವದ ದಿನ ನೆಟ್ಟು ಫೋಟೊ ಹಿಡಿಸಿಕೊಂಡು ಮರೆಯುವ ಪರಿಪಾಠಕ್ಕೆ ಇದು ಒಳ್ಳೆಯ ಮದ್ದು. ಬಯಲುಸೀಮೆಯ ರೈತನಿಗೆ, ಬದುವಿನ ಮೇಲೆ ನಾಲ್ಕು ಗಿಡ ಬೇಕೆನ್ನುವವನಿಗೆ ಇದು ಒಂದಿಷ್ಟು ಆಸರೆ.

ಕಾಫಿ ತೋಟದಲ್ಲಿ ಇದರ ಲೆಕ್ಕ ಹೇಗೆ? ಮೇಲೆ ಹೇಳಿದ ಹತ್ತು ಎಕರೆಯ ಮನೆಯವರು ನೂರು ಕಾಡುಮರದ ಸಸಿ ತಂದು ನೆಟ್ಟರು ಎನ್ನೋಣ. ಎಂಬತ್ತು ಉಳಿದು ಮೂರು ವರ್ಷ ದಾಟಿದವು. 80ನ್ನು 125ರಿಂದ ಗುಣಿಸಿದರೆ ಹತ್ತು ಸಾವಿರ ರೂಪಾಯಿ, ಅದೂ ಮೂರು ವರ್ಷದಲ್ಲಿ. ಗುಂಡಿ ತೆಗೆಸಿದ ಕೂಲಿ, ದನ-ಕಾಡುಹಂದಿಗಳಿಂದ ಕಾಯ್ದ ಖರ್ಚು ಕಳೆದರೆ ಉಳಿಯುವುದು ಎಷ್ಟೆಂದು ಯಾರೂ ಊಹಿಸಬಹುದು. ಮೂರು ವರ್ಷದ ನಂತರ ನೆರವು ನಿಲ್ಲುತ್ತದೆ. ಆದರೆ ಆ ಮರ ಕಡಿಯಲು ಅನುಮತಿ ಬೇಕೆಂಬ ನಿಯಮ ಮರ ಇರುವ ತನಕ ಇರುತ್ತದೆ. ಮೂರು ವರ್ಷದ ಸಹಾಯ ಒಂದು ತಕ್ಕಡಿಯಲ್ಲಿ, ಐವತ್ತು ವರ್ಷದ ನಿರ್ಬಂಧ ಇನ್ನೊಂದರಲ್ಲಿ. ತಕ್ಕಡಿ ಎತ್ತ ವಾಲುತ್ತದೆ?

ಸಹಾಯ ಯಾವ ಗಿಡದ ರೂಪದಲ್ಲಿ ಬರುತ್ತದೆಯೋ ನೆಲದಲ್ಲಿ ಅದೇ ಏಳುತ್ತದೆ ಎಂಬುದಕ್ಕೂ ಕರ್ನಾಟಕದಲ್ಲೇ ಉದಾಹರಣೆಯಿದೆ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಡಿ ರೈತರಿಗೆ ಹೇರಳವಾಗಿ ಸಿಕ್ಕಿದ್ದು ನೀಲಗಿರಿ ಸಸಿ. ಕೋಲಾರದಂಥ ಜಿಲ್ಲೆಗಳಲ್ಲಿ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿ ಸಸಿಗಳನ್ನು ಕಿತ್ತು ಪ್ರತಿಭಟಿಸಿದರು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಒಂದು ಕಾಲದಲ್ಲಿ ಕೈಗಿಟ್ಟು ಕಳಿಸಿದ ಗಿಡ, ಮೂರು ದಶಕದ ನಂತರ ಬೇಡವಾಯಿತು!

ಮರದ ಹೆಸರಿಲ್ಲದ ಸಹಾಯ

ಕಾಫಿ ಮಲೆಗಳಿಗೆ ಹೆಚ್ಚಿನ ನೆರವು ಬರುವುದು ಅರಣ್ಯ ಇಲಾಖೆಯಿಂದಲ್ಲ, ಕಾಫಿ ಮಂಡಳಿಯಿಂದ. 1942ರ ಕಾಫಿ ಕಾಯ್ದೆಯಡಿ ಕೆಲಸ ಮಾಡುತ್ತಿರುವ ಮಂಡಳಿ, 1996ರವರೆಗೆ ಬೆಳೆಗಾರರ ಕಾಫಿಯನ್ನು ಪೂಲ್ ಪದ್ಧತಿಯಲ್ಲಿ ತಾನೇ ಪಡೆದು ಮಾರಿ, ಹಣವನ್ನು ಕಂತುಗಳಲ್ಲಿ ಹಂಚುತ್ತಿತ್ತು. ಮುಕ್ತ ಮಾರುಕಟ್ಟೆ ಬಂದ ಮೇಲೆ ಅದರ ಮುಖ್ಯ ಕೆಲಸ ಸಂಶೋಧನೆ, ಸಲಹೆ ಮತ್ತು ಸಹಾಯಧನ. ಹಳೆಯ ಗಿಡ ಕಿತ್ತು ಮರುನಾಟಿ ಮಾಡಲು, ಕೆರೆ-ಬಾವಿ ತೋಡಿಸಲು, ಸ್ಪ್ರಿಂಕ್ಲರ್ ಕೊಳ್ಳಲು, ಕಣ ಮತ್ತು ಗೋದಾಮು ಕಟ್ಟಲು, ಪಲ್ಪರ್ ಹಾಕಲು ಕಾಲಕಾಲಕ್ಕೆ ಇಂಥ ಯೋಜನೆಗಳು ಬಂದಿವೆ. 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರದ ಪ್ಯಾಕೇಜ್ ಕೂಡ ಬಂತು.

ಇವುಗಳಲ್ಲಿ ಮರದ ಪ್ರಸ್ತಾಪ ಹೆಚ್ಚಾಗಿ ಇರುವುದಿಲ್ಲ. ಆದರೆ ಮರದ ಹಣೆಬರಹ ಬರೆಯುವುದರಲ್ಲಿ ಇವುಗಳ ಪಾಲು ದೊಡ್ಡದು. ಹೇಗೆಂದರೆ, ಅರೇಬಿಕಾಕ್ಕೆ ದಟ್ಟ ನೆರಳು ಬೇಕು. ರೋಬಸ್ಟಾಕ್ಕೆ ಅಷ್ಟು ಬೇಡ, ಬೋರರ್ ಕಾಟವೂ ಇಲ್ಲ. ಆದರೆ ಹೂ ಬಿಡುವ ಹೊತ್ತಿಗೆ ಅದಕ್ಕೆ ನೀರು ಸಿಗಲೇಬೇಕು. ಕೆರೆಯೂ ಸ್ಪ್ರಿಂಕ್ಲರೂ ಬಂದರೆ ಹೂಮಳೆಗೆ ಕಾಯಬೇಕಿಲ್ಲ. ಬೋರರ್ ಮತ್ತು ಆಳಿನ ಅಭಾವದಿಂದ ಬೇಸತ್ತ ಬೆಳೆಗಾರ ಅರೇಬಿಕಾ ಕಿತ್ತು ರೋಬಸ್ಟಾ ಹಾಕುತ್ತಾನೆ, ಬೆಳಕಿಗಾಗಿ ಮರ ತೆಳುವು ಮಾಡುತ್ತಾನೆ. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದ್ದು ಈ ಒಲವಿಗೆ ಮತ್ತಷ್ಟು ಬಲ ಕೊಟ್ಟಿತು. ನೀರಿಗೆಂದು ಕೊಟ್ಟ ನೆರವು ಹೀಗೆ ನೆರಳಿನ ಮೇಲೂ ಕೈಯಾಡಿಸುತ್ತದೆ. ಬೆಳೆಗಾರನದು ತಪ್ಪೆನ್ನಲಾಗದು, ಬರಗಾಲದಲ್ಲಿ ಕೆರೆಯೇ ಅವನ ಬದುಕು. ಆದರೆ ಒಂದು ಕೈ ಮರ ನೆಡು ಎನ್ನುವಾಗ ಇನ್ನೊಂದು ಕೈ ಏನು ಮಾಡುತ್ತಿದೆ ಎಂದು ಎರಡೂ ಇಲಾಖೆಗಳು ಕೂತು ಮಾತಾಡಿಕೊಳ್ಳಬೇಡವೇ?

ಎಲ್ಲ ಕಳೆದುಹೋಗಿದೆ ಎಂದು ಭಾವಿಸಬೇಕಾಗಿಲ್ಲ. ಪಶ್ಚಿಮ ಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ಹಕ್ಕಿ ಎಣಿಸಿದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿ ಕಂಡ ಹಕ್ಕಿಗಳು 200ಕ್ಕೂ ಹೆಚ್ಚು ಜಾತಿಯವು. ಮೂರರಲ್ಲಿ ಕಾಫಿ ತೋಟಗಳೇ ಮುಂದು. ಅರೇಬಿಕಾ ಮತ್ತು ರೋಬಸ್ಟಾಗಳನ್ನು ಹೋಲಿಸಿದ 2018ರ ಇನ್ನೊಂದು ಅಧ್ಯಯನ, ನೆರಳು ಅರೇಬಿಕಾದಲ್ಲಿ ಹೆಚ್ಚು ದಟ್ಟವಾಗಿದ್ದರೂ ರೋಬಸ್ಟಾ ತೋಟಗಳೂ ಹಕ್ಕಿಗಳಿಗೆ ಒಳ್ಳೆಯ ನೆಲೆಯಾಗಿವೆ ಎಂದಿತು. ಮರಗಳನ್ನು ಉಳಿಸಿಕೊಂಡರೆ ರೋಬಸ್ಟಾ ಕೂಡ ಶತ್ರುವಲ್ಲ ಎಂದಾಯಿತು.

ಬೇರೆ ದೇಶದವರು ಏನು ಮಾಡಿದರು?

ಕುಟುಂಬಗಳ ಕೈಯಲ್ಲಿರುವ ಕಾಡು ಎಂಬುದು ನಮ್ಮೊಬ್ಬರ ಸಮಸ್ಯೆಯಲ್ಲ. ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಕುಟುಂಬ ಮಾಲೀಕರ ಕೈಯಲ್ಲಿ ಕಾಡಿದೆ. ಅವರಿಗಾಗಿ 1990ರಿಂದ ಅಲ್ಲಿನ ಸರ್ಕಾರ ಒಂದು ಯೋಜನೆ ನಡೆಸುತ್ತಿದೆ. ತಜ್ಞರು ಬಂದು ಕಾಡು ನೋಡಿ, ಮಾಲೀಕನ ಆಸೆಯೇನೆಂದು ಕೇಳಿ, ಮುಂದಿನ ವರ್ಷಗಳಿಗೆ ಲಿಖಿತ ಯೋಜನೆ ಮಾಡಿಕೊಡುತ್ತಾರೆ. ಇದರ ಜೊತೆಗೆ ಸಹಾಯಧನ, ತೆರಿಗೆ ರಿಯಾಯಿತಿಗಳೂ ಇವೆ. ಇವುಗಳಲ್ಲಿ ಯಾವುದು ಹೆಚ್ಚು ಕೆಲಸ ಮಾಡಿತು ಎಂದು ಪರಿಶೀಲಿಸಿದ ಅಲ್ಲಿನ ಅಧ್ಯಯನಗಳು ಹೇಳುವುದು ಕುತೂಹಲಕರವಾಗಿದೆ. ಸಹಾಯಧನ ಪಡೆದವರಲ್ಲಿ ಅನೇಕರು, ಅದಿಲ್ಲದಿದ್ದರೂ ಗಿಡ ನೆಡುವವರೇ ಆಗಿದ್ದರು. ಮಾಲೀಕರ ಮನಸ್ಸು ಬದಲಿಸುವುದರಲ್ಲಿ ಹಣಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಬಲ್ಲವರೊಬ್ಬರು ಖುದ್ದಾಗಿ ಬಂದು ಜೊತೆಯಲ್ಲಿ ನಡೆದು ಮಾತಾಡಿದ್ದು.

ಕಾಫಿ ಬೆಳೆಯುವ ಪುಟ್ಟ ದೇಶ ಕೋಸ್ಟರಿಕದ ದಾರಿ ಬೇರೆ. 1996ರ ಅರಣ್ಯ ಕಾಯ್ದೆಯಲ್ಲಿ ಅದು ಕಾಡು ಕಡಿದು ಬೇರೆ ಬಳಕೆಗೆ ಮಾಡುವುದನ್ನು ನಿಷೇಧಿಸಿತು. ಜೊತೆಗೇ, ಕಾಡು ಉಳಿಸಿಕೊಂಡ ಮಾಲೀಕನಿಗೆ ವರ್ಷವರ್ಷ ಹಣ ಕೊಡುವ ಏರ್ಪಾಟನ್ನೂ ಮಾಡಿತು. ಹಣ ಎಲ್ಲಿಂದ? ಪೆಟ್ರೋಲು, ಡೀಸೆಲಿನ ಮೇಲಿನ ತೆರಿಗೆಯ ಒಂದು ಪಾಲು. ಗಾಳಿ ಕೆಡಿಸುವವನು ತೆತ್ತ ಹಣ ಗಾಳಿ ತಿಳಿಮಾಡುವವನಿಗೆ! ಬೇಡ ಎಂಬ ಕಾನೂನೂ ತಗೋ ಎಂಬ ಹಣವೂ ಒಟ್ಟಿಗೇ ಬಂದದ್ದು ಅಲ್ಲಿನ ವಿಶೇಷ.

ಮಾರುಕಟ್ಟೆಯೂ ಒಂದು ಬಗೆಯ ನೆರವೇ. ನೆರಳು, ಕಾಡುಮರ, ಕೂಲಿಕಾರರ ಹಿತ ಇವನ್ನೆಲ್ಲ ನೋಡಿ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆಗಳಿವೆ. ಪ್ರಮಾಣಪತ್ರವಿದ್ದ ಕಾಫಿಗೆ ಹೊರದೇಶದಲ್ಲಿ ಒಂದಿಷ್ಟು ಹೆಚ್ಚು ಬೆಲೆ. ಆದರೆ ತಪಾಸಣೆಯ ಖರ್ಚು, ದಾಖಲೆಗಳ ಕಂತೆ ಹತ್ತು ಎಕರೆಯವನಿಗೆ ಭಾರ. ಗುಂಪು ಕಟ್ಟಿಕೊಂಡರೆ ಮಾತ್ರ ಸಾಧ್ಯ. ಈಚೆಗೆ, 2023ರಲ್ಲಿ, ಯುರೋಪಿನ ಒಕ್ಕೂಟ ಒಂದು ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಇದರ ಜಾರಿ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ. ಆದರೂ ಭಾರತದ ಕಾಫಿಗೆ ಯುರೋಪೇ ದೊಡ್ಡ ಗಿರಾಕಿಯಾದ್ದರಿಂದ, ತೋಟದ ಗಡಿಯನ್ನು ಉಪಗ್ರಹ ನಕ್ಷೆಯಲ್ಲಿ ಗುರುತಿಸುವ ಕೆಲಸವನ್ನು ಇಲ್ಲೂ ಗಂಭೀರವಾಗಿ ತೆಗೆದುಕೊಳ್ಳಬೇಕಾಗಿದೆ.

ನೀರಿನ ಋಣ

ಕೊಟ್ಟಿಗೆಹಾರದಿಂದ ಬಾಳೂರಿನ ಮೇಲೆ ಕಳಸಕ್ಕೆ ಹೋಗುವ ದಾರಿ ಏರಿಳಿತಗಳದು. ಈ ಭಾಗದ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತಾಳೆ. ಕಳಸ ದಾಟಿ ಕುದುರೆಮುಖದ ಕಡೆ ಹೋದರೆ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಯರು. ಹೇಮಾವತಿ ಗೊರೂರಿನಲ್ಲಿ ನಿಂತು ಹಾಸನ, ತುಮಕೂರುಗಳ ಹೊಲಕ್ಕೆ ಹರಿಯುತ್ತಾಳೆ. ಭದ್ರೆ ಲಕ್ಕವಳ್ಳಿಯಲ್ಲಿ ನಿಂತು ದಾವಣಗೆರೆಯ ಭತ್ತಕ್ಕೆ ಹೋಗುತ್ತಾಳೆ. ಮಳೆ ಬಿದ್ದಾಗ ಎಲೆಗೊಬ್ಬರದ ಮೆತ್ತನೆಯ ನೆಲ ನೀರನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಮರದ ಬೇರು ಮಣ್ಣನ್ನು ಹಿಡಿದಿರುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಕೊಚ್ಚಿಹೋದವು. ಭೂಕುಸಿತಕ್ಕೆ ಕಾರಣಗಳು ಹಲವು, ಒಂದೇ ದಿನ ಸುರಿದ ಅಳತೆಮೀರಿದ ಮಳೆ ಅವುಗಳಲ್ಲಿ ದೊಡ್ಡದು. ಆದರೂ ಕಡಿದಾದ ಇಳಿಜಾರಿನಲ್ಲಿ ಬೇರಿನ ಬೆ‌ಲೆ ಏನೆಂದು ಅಂದು ಎಲ್ಲರೂ ಮಾತಾಡಿಕೊಂಡರು.

ದಾವಣಗೆರೆಯಲ್ಲಿ ಊಟ ಮಾಡುವವರು, ತುಮಕೂರಿನಲ್ಲಿ ನೀರು ಕುಡಿಯುವವರು ಕಳಸದ ಮರದ ಮಾಲೀಕನಿಗೆ ಏನನ್ನೂ ಕೊಡುವುದಿಲ್ಲ. ಕೊಡಬೇಕೆಂದು ಅವರಿಗೆ ತಿಳಿದೂ ಇಲ್ಲ. ಗಿಡ ನೆಟ್ಟವನಿಗೆ ಮೂರು ವರ್ಷ ಪ್ರೋತ್ಸಾಹಧನ ಉಂಟು. ಅಜ್ಜನ ಕಾಲದ ಗೋಣಿಮರವನ್ನು ಕಾಫಿ ಇಳುವರಿ ತುಸು ಕಡಿಮೆಯಾದರೂ ಸೈ ಎಂದು ಉಳಿಸಿಕೊಂಡವನಿಗೆ ಏನೂ ಇಲ್ಲ. ಗೋಣಿ, ಅತ್ತಿ, ಬಸರಿಗಳಿಗೆ ಮೋಪಿನ ಬೆಲೆಯೂ ಇಲ್ಲ. ಅವುಗಳ ಹಣ್ಣು ತಿನ್ನುವ ಮಂಗಟ್ಟೆಯ ಕೃತಜ್ಞತೆಯಿಂದ ಕಾಲೇಜಿನ ಫೀಸು ಕಟ್ಟಲು ಬರುವುದಿಲ್ಲ.

ಹಾಗಾದರೆ ದಾರಿಯೇನು? ಬೆಟ್ಟ ಸುತ್ತಿದವರಿಗೆ ಮೂರು ಸಂಗತಿಗಳು ಹೊಳೆಯುತ್ತವೆ. ತಾನು ನೆಟ್ಟ ಕಾಡುಮರವನ್ನು ನೋಂದಾಯಿಸಿ, ಮುಂದೊಂದು ದಿನ ಅಲೆದಾಟವಿಲ್ಲದೆ ಕಡಿಯಬಹುದು ಎಂಬ ಭರವಸೆ ರೈತನಿಗೆ ಸಿಕ್ಕರೆ ಸಿಲ್ವರ್ ಒಂದೇ ಆಯ್ಕೆಯಾಗಿ ಉಳಿಯುವುದಿಲ್ಲ. ಗಂಧದ ವಿಷಯದಲ್ಲಿ ಒಡೆತನದ ಮಟ್ಟಿಗಾದರೂ ಇದು ಸಾಧ್ಯವಾಗಿದೆ. ಎರಡನೆಯದು, ಹೊಸ ಗಿಡದಂತೆ ಹಳೆಯ ಮರಕ್ಕೂ ಒಂದು ಗೌರವಧನ. ಮೂರನೆಯದು ಎಲ್ಲಕ್ಕಿಂತ ಅಗ್ಗ, ಆದರೆ ಕಷ್ಟ: ಮರ, ಕಾಫಿ, ಕಾನೂನು ಮೂರನ್ನೂ ಬಲ್ಲವರು ತೋಟಕ್ಕೆ ಬಂದು ಮಾತಾಡುವುದು. ಬಾಳೆಹೊನ್ನೂರಿನ ವಿಜ್ಞಾನಿಗಳು, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆ ಮತ್ತು ಶಿರಸಿಯ ಅರಣ್ಯ ಕಾಲೇಜುಗಳು ನಮ್ಮಲ್ಲೇ ಇವೆ. ಮಕ್ಕಳ ಮುಂದಿನ ಓದಿನ ಬಗ್ಗೆ ಯೋಚಿಸುವ ತಂದೆತಾಯಿಗಳು ಇಂಜಿನಿಯರಿಂಗ್, ಮೆಡಿಕಲ್ಲುಗಳ ಪಟ್ಟಿಯ ಪಕ್ಕದಲ್ಲಿ ಇವುಗಳ ಹೆಸರನ್ನೂ ಬರೆದುಕೊಳ್ಳಬಹುದು.

ಕಳಸದಲ್ಲಿ ಕಳಸೇಶ್ವರನ ಮೆಟ್ಟಿಲಿಳಿದು ಹೊರನಾಡಿನ ಕಡೆ ಹೊರಟರೆ ಭದ್ರೆಗೆ ಅಡ್ಡಲಾಗಿ ಹೆಬ್ಬಾಳೆ ಸೇತುವೆ ಇದೆ. ಜೋರು ಮಳೆಗಾಲದಲ್ಲಿ ಹೊಳೆ ಇದರ ಮೇಲೇ ಹರಿದು ದಾರಿ ಕಟ್ಟಿಹೋಗುವುದು ಇಲ್ಲಿಯವರಿಗೆ ವರ್ಷವರ್ಷದ ಅನುಭವ. ಬೇಸಿಗೆಯಲ್ಲಿ ಅದೇ ಹೊಳೆ ಬಂಡೆಗಳ ನಡುವೆ ಸಣ್ಣಗೆ, ಆದರೆ ಬತ್ತದೆ ಹರಿಯುತ್ತಿರುತ್ತದೆ. ಆ ನೀರು ಎಲ್ಲಿಂದ ಬಂತೆಂದು ಕೇಳಿದರೆ ಶಾಲೆಯ ಮಕ್ಕಳು ‘ಗಂಗಾಮೂಲದಿಂದ’ ಎಂದು ಸರಿಯಾದ ಉತ್ತರವನ್ನೇ ಹೇಳುತ್ತಾರೆ. ಆದರೆ ಆ ಉತ್ತರದಲ್ಲಿ ದಾರಿಯುದ್ದದ ಸಾವಿರ ತೋಟಗಳ ಹೆಸರು ಬಿಟ್ಟುಹೋಗಿರುತ್ತದೆ.

ಮುಂದಿನ ಬಾರಿ ಕಾಫಿ ಹೂವು ನೋಡಲು ಬರುವ ಮಕ್ಕಳು, ಅವರ ತಂದೆತಾಯಿಗಳು ಒಂದು ಕೆಲಸ ಮಾಡಬಹುದು. ಯಾವುದಾದರೂ ತೋಟದ ಮನೆಯವರ ಅನುಮತಿ ಕೇಳಿ ಒಳಗೆ ಹೋಗಿ, ನಿಂತಲ್ಲಿಂದ ಸುತ್ತ ಕಾಣುವ ಮರಗಳನ್ನು ಎಣಿಸಿ, ಎಷ್ಟು ಜಾತಿ ಎಂದು ಮನೆಯ ಹಿರಿಯರನ್ನು ಕೇಳಬೇಕು. ಹೆಸರುಗಳು ಹನ್ನೆರಡು ದಾಟಿದರೆ ಆ ಮನೆಯವರಿಗೆ ಒಂದು ನಮಸ್ಕಾರ ಹೇಳಿ. ಒಂದೇ ಹೆಸರು ಬಂದರೆ, ‘ಯಾಕೆ?’ ಎಂದು ಕೇಳಿ. ಅವರು ಹೇಳುವ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದು ಮುಖ್ಯ.